ಯಾರೂ ಬಿಚ್ಚದ ಬಾಗಿಲು

ಕಳ್ಳರ ಭಯಕ್ಕೆ ಅಮ್ಮನ ಚಿನ್ನದ ಬಳೆಗಳನ್ನು ಹಳೆಯ ಕಾರಿನ ಡ್ರೈವರ್ ಬಾಗಿಲೊಳಗೆ ಅಡಗಿಸಿಟ್ಟಿದ್ದೇನೆಂದು ಅಪ್ಪ ಕಣ್ಣು ಮುಚ್ಚುವ ಮುಂಚೆ ಇಬ್ಬರು ಮಕ್ಕಳಿಗೂ ಹೇಳಿದ್ದ. ಕಾರು ಅಕ್ಕನ ಪಾಲಿಗೆ ಹೋಯಿತು, ಬಳೆಯೂ ಅದರ ಜೊತೆಗೇ. ತಮ್ಮನಿಗೆ ಉಳಿದದ್ದು ಅವನು ಕಾರು ರಿಪೇರಿ ಮಾಡುತ್ತಿದ್ದ ಗ್ಯಾರೇಜು, ಅದರ ಹಿಂದಿನ ಒಂಟಿ ಕೋಣೆ. ಅಪ್ಪನಿಗೆ ಚಮಚದಲ್ಲಿ ಉಣಿಸಿದವನು, ಮಗ್ಗುಲು ಬದಲಿಸಿದವನು ಅವನು. ಅಕ್ಕ ಬಂದು ಅತ್ತು ಹೋಗುತ್ತಿದ್ದಳು. ಈಗಂತೂ ಮನೆಯಲ್ಲಿ ಏನಾದರೂ ಕೆಟ್ಟರೆ ಮಾತ್ರ ಅವಳ ಫೋನು. ಊಟ ಆಯ್ತೇನೋ ಎಂದು ಅವನನ್ನು ಯಾರಾದರೂ ಕೇಳಿ ಯಾವ ಕಾಲವಾಗಿತ್ತೋ.

"ಭಾನುವಾರ ಬರ್ತೀನಿ. ಬಾಗಿಲು ನೀನೇ ಬಿಚ್ಚಿಕೊಡು. ಬೇರೆಯವ್ರು ಕೈ ಹಾಕೋದು ಬೇಡ" ಎಂದಳು ಅಕ್ಕ, ಶುಕ್ರವಾರ ಕಾರನ್ನು ಅವನ ಗ್ಯಾರೇಜಿನಲ್ಲಿ ಬಿಟ್ಟು ಹೋಗುತ್ತಾ.

ಅವನ ಹೊಟ್ಟೆ ಉರಿದುಹೋಯಿತು. ಸುಮ್ಮನೆ ಕದ್ದರೆ ಸಾಲದು, ಬಳೆ ಅಲ್ಲಿ ಇರಲೇ ಇಲ್ಲ ಎಂದಾಗಬೇಕು. ಅವಳ ಕಣ್ಣೆದುರೇ ಬಾಗಿಲು ಬಿಚ್ಚುವುದು, ಖಾಲಿ ತೋರಿಸುವುದು, ಪಾಪ ಅಪ್ಪನಿಗೆ ಅರಳುಮರಳು ಎಂದು ನಿಟ್ಟುಸಿರು ಬಿಡುವುದು. ಅಷ್ಟೇ.

ಶನಿವಾರ ಮಧ್ಯಾಹ್ನ ಷಟರ್ ಎಳೆದುಕೊಂಡ. ಬನಿಯನ್ ಬಟ್ಟೆಯ ಚೂರನ್ನು ಕಿಟಕಿ ಗಾಜು ಏರಿಳಿಸುವ ಗ್ಲಾಸ್ ಹ್ಯಾಂಡಲಿನ ಹಿಂದೆ ತೂರಿಸಿ ಆಚೀಚೆ ಎಳೆದಾಗ ಒಳಗಿನ ಕ್ಲಿಪ್ ಟಪ್ಪೆಂದು ಜಾರಿತು. ಸ್ಕ್ರೂಗಳ ತಲೆಗೆ ಗೀರು ಬೀಳದಂತೆ ಆರ್ಮ್‌ರೆಸ್ಟ್ ಬಿಚ್ಚಿದ. ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡನ್ನು ಅಂಚಿನಿಂದ ಒಂದೊಂದೇ ಗುಂಡಿಯಂತೆ ಬಿಡಿಸಿದ. ತಳದಲ್ಲಿ ಬಟ್ಟೆಗಂಟು ಸಿಕ್ಕಿತು. ಬಳೆಗಳು ಅವನ ಗೆಣ್ಣು ದಾಟಲಿಲ್ಲ. ಅಮ್ಮನ ಕೈ ಇಷ್ಟು ಚಿಕ್ಕದಿತ್ತೇ ಎಂದು ಬೆರಗಾಯಿತು. ಅದನ್ನು ಹೇಳಿಕೊಳ್ಳಲು ಹತ್ತಿರ ಯಾರೂ ಇರಲಿಲ್ಲ, ಅವನಿಗೆ ಅಳು ಬಂತು.

ಆದರೆ ಕೈ ತಪ್ಪಲಿಲ್ಲ. ಗಂಟನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟು ಬಂದ. ಹೊಸ ಕ್ಲಿಪ್ ಹಾಕುವಷ್ಟು ದಡ್ಡನೇ ಅವನು? ಹಳೆಯವನ್ನೇ ನೇರ ಮಾಡಿ ಅವೇ ತೂತುಗಳಿಗೆ ಒತ್ತಿದ. ಸ್ಕ್ರೂ ತಲೆಗಳಿಗೆ ನೆಲದ ಧೂಳು ತಿಕ್ಕಿದ. ಇದು ಈಗಷ್ಟೇ ಬಿಚ್ಚಿದ ಬಾಗಿಲು ಎಂದು ಬ್ರಹ್ಮ ಬಂದರೂ ಹೇಳುವಂತಿರಲಿಲ್ಲ.

ಭಾನುವಾರ ಅಕ್ಕ ಬಂದಳು. ಡ್ರೈವರ್ ಸೀಟಿನಲ್ಲಿ ಕೂತು ಪ್ಯಾಡನ್ನು ಸವರಿದಳು.

"ಯಾರೂ ಮುಟ್ಟಿಲ್ಲ ಅಲ್ವಾ?"

"ಧೂಳು ನೋಡಕ್ಕ. ಅಪ್ಪ ಮುಚ್ಚಿದ್ದು ಹಾಗೇ ಇದೆ."

"ಬಳೆ ಸಿಕ್ಕರೆ ನಿನ್ನ ಹತ್ರಾನೇ ಇರ್ಲಿ ಕಣೋ. ಅಪ್ಪನ್ನ ನೋಡ್ಕೊಂಡವನು ನೀನು. ಕೊಡೋಕೆ ಅಂತ್ಲೇ ಬಂದೆ."

ಅವನು ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ. ಅಕ್ಕ ಗ್ಲಾಸ್ ಹ್ಯಾಂಡಲ್ ಮೇಲೆ ಕೈಯಿಟ್ಟು ನಕ್ಕಳು. "ಅಪ್ಪ ಇದನ್ನ ಎರಡೂ ಕೈಯಲ್ಲಿ ತಿರುಗಿಸ್ತಿದ್ದ, ನೆನಪಿದ್ಯಾ? ಮೊನ್ನೆ ನಂಗೂ ಅಲುಗಲಿಲ್ಲ." ಸುಮ್ಮನೆ ಒಂದು ಬೆರಳಲ್ಲಿ ತಳ್ಳಿದಳು. ಗಾಜು ಸದ್ದಿಲ್ಲದೆ ಬೆಣ್ಣೆಯಲ್ಲಿ ಜಾರಿದಂತೆ ಇಳಿಯಿತು. ಬಾಗಿಲು ಬಿಚ್ಚಿದರೆ ಗಾಜು ಏರಿಳಿಸುವ ಒಣಗಿದ ಹಲ್ಲುಚಕ್ರಕ್ಕೆ ಗ್ರೀಸ್ ಹಚ್ಚದೆ ಮುಚ್ಚಿ ಅವನ ಕೈಗೆ ಅಭ್ಯಾಸವೇ ಇರಲಿಲ್ಲ. ನಿನ್ನೆಯೂ ಹಚ್ಚಿತ್ತು, ಅವನನ್ನು ಕೇಳದೆಯೇ. ಅಕ್ಕ ಗಾಜನ್ನು ಮತ್ತೆ ಏರಿಸಲಿಲ್ಲ. "ಯಾವಾಗ ಬಿಚ್ಚಿದ್ಯೋ?" ಎಂದಳು.