ದೊಡ್ಡ ಚಳಿಗೆಂದು ಎತ್ತಿಟ್ಟ ಕೋಟು

"ಕಳ್ಳ! ನನ್ನ ಸೂಜಿ-ದಾರ ಕದ್ಬಿಟ್ಟ!"

ಯೋನ್ಜು ಕೂಗಿದ ರಭಸಕ್ಕೆ ತೇಬೆಕ್ ಊರಿನ ಆ ಗೇಮ್ ಸೆಂಟರಿನಲ್ಲಿದ್ದವರೆಲ್ಲ ಹೆಡ್‌ಫೋನ್ ತೆಗೆದು ತಿರುಗಿ ನೋಡಿದರು.

ಅವಳ ಕಣ್ಣು ಮಾತ್ರ ಪರದೆ ಬಿಟ್ಟು ಅಲ್ಲಾಡಲಿಲ್ಲ. 'ಬಿಳಿ ಕಣಿವೆ' ಎಂಬ ಆ ಆಟದಲ್ಲಿ ಯಾವಾಗಲೂ ಹಿಮ. ಪಾಳು ಮನೆಗಳಲ್ಲಿ ತಡಕಾಡಿ ಸಿಕ್ಕಿದ ಬೆಂಕಿಕಡ್ಡಿ, ಬಟ್ಟೆ ಚೂರು, ಡಬ್ಬಿ ಊಟದಲ್ಲೇ ಜೀವ ಹಿಡಿದುಕೊಂಡಿರಬೇಕು. ಇರುವ ಬಟ್ಟೆ ದಿನದಿನಕ್ಕೂ ಹಾಳಾಗುತ್ತಾ ಹೋಗುತ್ತದೆ. ನೂರರಿಂದ ಇಳಿದು ಇಳಿದು ಸೊನ್ನೆಗೆ ಬಂತೋ, ಮಾಯ! ಅದಕ್ಕೆ ಮುಂಚೆ ಹೊಲಿದುಕೊಳ್ಳಬೇಕು. ಮೂರು ದಿನ ಅಲೆದ ಮೇಲೆ ಸೂಜಿ-ದಾರ ಕಣ್ಣಿಗೆ ಬಿದ್ದಿತ್ತು. ಅಷ್ಟರಲ್ಲಿ ಯಾವನೋ ಬಾಗಿಲು ತಳ್ಳಿಕೊಂಡು ಬಂದು ಅವಳೆದುರೇ ಎತ್ತಿಕೊಂಡಿದ್ದ.

"ಯಾರ್ರೀ ಕಳ್ಳ?"

ಎದುರು ಸಾಲಿನಲ್ಲಿ ಒಬ್ಬ ಹುಡುಗ ಎದ್ದು ನಿಂತ. ಹಣೆಯ ಮೇಲೆ ಉದ್ದ ಕೂದಲು, ಕೈಯಲ್ಲಿ ನೂಡಲ್ಸ್ ಬಟ್ಟಲು.

"ನೀನೇನಾ? ಮೊದ್ಲು ನೋಡಿದ್ದು ನಾನು! ನೀನು ತಿಂತಿರೋ ನೂಡಲ್ಸ್ ಬೇಯ್ಸಿ ಕೊಟ್ಟಿದ್ದೂ ನಾನೇ. ಕೆಳಗಿಡು!"

ಅವನು ಬಟ್ಟಲನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ... ನಕ್ಕುಬಿಟ್ಟ.

"ಹಾಗಾದ್ರೆ ಸೂಜಿ ನಂದು, ದಾರ ನಿಮ್ದು. ಒಟ್ಟಿಗೇ ಹೊಲಿಯೋಣ. ಆಗುತ್ತಾ, ನೂನಾ?"

ನೂನಾ ಅಂದರೆ ಅಕ್ಕ. ಆದರೆ ಆ ಕಡೆಯ ಹುಡುಗರು, ಪ್ರೀತಿಸಿದವಳು ಒಂದು ವರ್ಷ ದೊಡ್ಡವಳಾಗಿದ್ದರೆ, ಅವಳನ್ನೂ ಹಾಗೇ ಕರೆಯುತ್ತಾರೆ. ಯೋನ್ಜುವಿನ ಕಿವಿ ಕೆಂಪಾಯಿತು.

ಅವನ ಹೆಸರು ಮುಯೋಲ್.

ಅಂದಿನಿಂದ ಸೆಂಟರಿನ ಅಡುಗೆಮನೆಯಲ್ಲಿ ಅವಳ ಪಾಳಿ ಮುಗಿದ ಕೂಡಲೇ ಇಬ್ಬರೂ ಅಕ್ಕಪಕ್ಕ ಕೂರುವರು. ಆಟದೊಳಗೆ ಸರೋವರದ ದಂಡೆಯ ಒಂದು ಗುಡಿಸಲು ಅವರದಾಯಿತು. 'ನೀವು' ಅನ್ನುತ್ತಿದ್ದವನು ವಾರದೊಳಗೆ 'ನೀನು' ಅನ್ನತೊಡಗಿದ. ಅವನು ಬೇಟೆಗೆ ಹೋಗುವನು, ಇವಳು ಎಣಿಸಿ ಎಣಿಸಿ ಎತ್ತಿಡುವಳು. ಒಂದು ಕಡ್ಡಿ ಗೀರಲೂ ಅವಳ ಅಪ್ಪಣೆ ಬೇಕು!

"ಜಿಪುಣಿ! ನಡುಗಿ ಸಾಯ್ತಿದ್ದೀನಿ, ಒಂದು ಕಡ್ಡಿ ಕೊಡು."

"ಇನ್ನೊಂದು ಸ್ವೆಟರ್ ಹಾಕ್ಕೊಳ್ಳೋ. ಕಡ್ಡಿ ಇರೋದು ಏಳೇ."

ಎರಡು ತಿಂಗಳು ಬೆನ್ನುಹತ್ತಿ ಹೊಡೆದ ಕಡವೆಯ ಚರ್ಮ ಒಣಗಿಸಿ, ಇಬ್ಬರೂ ಸೇರಿ ಒಂದು ಕೋಟು ಹೊಲಿದರು. ಆ ಕಣಿವೆಯಲ್ಲೇ ಅಂಥದ್ದು ಇನ್ನೊಂದಿರಲಿಲ್ಲ. ಯೋನ್ಜು ಅದನ್ನು ಮಡಿಚಿ ಪೆಟ್ಟಿಗೆಗೆ ಹಾಕಿದಳು.

"ಹಾಕ್ಕೊಳ್ಳಲ್ವಾ?"

"ಇದು ದೊಡ್ಡ ಚಳಿಗೆ."

"ದೊಡ್ಡ ಚಳಿ ಯಾವಾಗ ಬರುತ್ತೆ, ನೂನಾ?"

"ಬಂದಾಗ ಗೊತ್ತಾಗುತ್ತೆ ಬಿಡೋ."

ಅವಳು ಇದ್ದದ್ದೇ ಹಾಗೆ. ಹುಟ್ಟುಹಬ್ಬಕ್ಕೆ ಮುಯೋಲ್ ಸಂತೆಯಿಂದ ಕಪ್ಪು ಚರ್ಮದಂತೆ ಮಿರಮಿರ ಮಿಂಚುವ ಕೈಗವಸು ತಂದುಕೊಟ್ಟ. ಅವಳು ಮನೆಗೆ ಹೋಗಿ ಅದನ್ನು ಮೂಸಿದಳು, ಕೆನ್ನೆಗೆ ಒತ್ತಿಕೊಂಡಳು, ಬೆಲೆ ಚೀಟಿಯನ್ನೂ ಕೀಳದೆ ಡಬ್ಬಿಯಲ್ಲಿಟ್ಟು ಕಪಾಟಿನ ಮೇಲಿಟ್ಟಳು.

*ಅವನು ಕೊಟ್ಟದ್ದು... ಹಾಳಾದರೆ?*

ದಿನವಿಡೀ ಪಾತ್ರೆ ತೊಳೆದು ಬಿರಿದ ಬರಿಗೈಯಲ್ಲೇ ಬಸ್ ನಿಲ್ದಾಣದಲ್ಲಿ ನಿಲ್ಲುವಳು. ಮುಯೋಲ್ ದಿನಾ ಆ ಕೈಗಳನ್ನು ನೋಡುವನು. ಪ್ರೀತಿಯಿಂದ ನೋಡುತ್ತಾನೆಂದು ಅವಳು ಅಂದುಕೊಂಡಳು. ಕೊಟ್ಟದ್ದು ಅವಳಿಗೆ ಹಿಡಿಸಲಿಲ್ಲವೆಂದು ಅವನು ಅಂದುಕೊಂಡ. ಒಬ್ಬರಾದರೂ ಬಾಯಿಬಿಟ್ಟು ಕೇಳಬಾರದಿತ್ತೇ!

ಫೆಬ್ರವರಿಯ ಒಂದು ಮಧ್ಯಾಹ್ನ ಅವಳು ಆಟದಲ್ಲಿ ಪೆಟ್ಟಿಗೆ ತೆರೆದಳು.

ಕೋಟು ಇರಲಿಲ್ಲ! ತಳದಲ್ಲಿ ಎರಡು ಚರ್ಮದ ಚೂರು ಬಿದ್ದಿದ್ದವು.

"ನೀನಾ ಕತ್ತರಿಸಿದ್ದು?"

ಪಕ್ಕದಲ್ಲಿದ್ದ ಮುಯೋಲನ ಮುಖ ಬಿಳಿಚಿತು. "ನೂನಾ, ಹೇಳ್ತೀನಿ ಕೇಳು..."

"ಏನು ಕೇಳೋದು? ಮೊದಲ ದಿನಾನೇ ಹೇಳಿದ್ದೆ, ನೀನು ಕಳ್ಳ ಅಂತ! ಎತ್ತಿಡೋ ಕಷ್ಟ ನಿಂಗೇನು ಗೊತ್ತು? ಇದ್ದದ್ದನ್ನೆಲ್ಲ ಹಾಳ್ಮಾಡೋದೊಂದೇ ಗೊತ್ತು!"

ಎಲ್ಲರೂ ನೋಡುತ್ತಿದ್ದರು. ಅವನು ನಿಧಾನವಾಗಿ ಜಾಕೆಟ್ ತೊಟ್ಟ.

"ಎತ್ತಿಟ್ಟಿದ್ದನ್ನ ಒಂದ್ಸಲನಾದ್ರೂ ತೆಗೆದು ನೋಡಿದ್ಯಾ, ನೂನಾ?"

ಅಷ್ಟು ಹೇಳಿ ಹೊರಟುಹೋದ.

ಐದನೇ ದಿನ ಬಾಗಿಲ ಬಳಿ ಅವನ ಧ್ವನಿ ಕೇಳಿಸಿತು. ಅಡುಗೆಮನೆಯಲ್ಲಿದ್ದ ಯೋನ್ಜು, ತಾನು ಚಿಕ್ಕಮ್ಮ ಎಂದೇ ಕರೆಯುವ ಅಂಗಡಿಯ ಒಡತಿಗೆ, "ಇಮೋ, ನಾನಿಲ್ಲ ಅನ್ನಿ," ಎಂದು ಪಿಸುಗುಟ್ಟಿದಳು. *ಇನ್ನೆರಡು ದಿನ ಬೇಯಲಿ! ಆಮೇಲೆ ಕ್ಷಮಿಸಿದರಾಯಿತು.*

ಒಡತಿ ಒಳಗೆ ಬಂದು ಅವಳನ್ನು ಗುರಾಯಿಸಿದಳು.

"ನಿಂಗೆ ಕರುಣೆ ಅನ್ನೋದಿದ್ಯೇನೇ? ಪಾಪ, ತಲೆ ಬೋಳಿಸ್ಕೊಂಡು ಬಂದಿದ್ದ! ನಾಳೆ ಸೇನೆಗೆ ಸೇರ್ತಾನಂತೆ, ಗಂಡುಹುಡುಗ್ರೆಲ್ಲ ಹೋಗ್ಲೇಬೇಕಲ್ಲ. ಇನ್ನು ಇಪ್ಪತ್ತೊಂದು ತಿಂಗಳು!"

ಯೋನ್ಜು ಕೈಯಲ್ಲಿದ್ದ ಪಾತ್ರೆ ಅಲ್ಲೇ ಬಿಟ್ಟು ಬೀದಿಗೆ ಓಡಿದಳು. ಅವನಿರಲಿಲ್ಲ. ಅವನ ಫೋನ್ ಆಗಲೇ ಬಂದ್ ಆಗಿತ್ತು.

ಹಿಂತಿರುಗಿ ಬಂದು ಆಟ ತೆರೆದಳು. ಒಲೆಯ ಪಕ್ಕ ಒಣಗಲು ಬಿಟ್ಟಿದ್ದ ತನ್ನ ಆಟದ ಕೈಗವಸು, ಬೂಟು ಈಗ ಸರಿಯಾಗಿ ಕಂಡವು. ಮೂವತ್ತಕ್ಕೆ ಇಳಿದಿದ್ದವು ತೊಂಬತ್ತಾರಕ್ಕೆ ಏರಿದ್ದವು. ಎರಡರ ಮೇಲೂ ಕಡವೆ ಚರ್ಮದ ತೇಪೆ. ಮೇಜಿನ ಮೇಲೆ, ಜಗಳದ ನಂತರ ಅವನು ಬಿಟ್ಟುಹೋದ ಚೀಟಿ.

'ಪೆಟ್ಟಿಗೆಯ ತೇವಕ್ಕೆ ಕೋಟು ಕೊಳೆತು ಮೂರಕ್ಕೆ ಇಳಿದಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಸೊನ್ನೆ. ಉಳಿದಷ್ಟು ಚರ್ಮ ನಿನ್ನ ಕೈಗೂ ಕಾಲಿಗೂ ಹೊಲಿದಿದ್ದೀನಿ. ನೂನಾ, ನನಗೆ ಪತ್ರ ಬರೀತೀಯಾ?'

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಒಂದು ಸಲವಾದರೂ ಆ ಕೋಟು ತೊಟ್ಟಿರಲಿಲ್ಲ.

ಅಂದೇ ಪತ್ರ ಬರೆದಳು. ಮೂರೇ ಸಾಲು. ಆಗಿನ್ನೂ ಸೈನಿಕರ ಕೈಗೆ ಫೋನ್ ಕೊಡುತ್ತಿರಲಿಲ್ಲ, ಪತ್ರವೊಂದೇ ದಾರಿ. ಆದರೆ ಮತ್ತೆ ಮತ್ತೆ ಓದಿದಾಗ ಅದು ತೀರಾ ಸಪ್ಪೆ ಅನ್ನಿಸಿತು. *ಇಂಥ ಮಾತನ್ನು ಹೀಗೆ ಹೇಳಿ ಮುಗಿಸಿಬಿಡೋದೇ? ಇನ್ನೂ ಚೆನ್ನಾಗಿ ಬರೆಯಬೇಕು...* ಮಡಿಚಿ ಕೈಗವಸಿನ ಡಬ್ಬಿಯಲ್ಲಿಟ್ಟಳು.

ಹುಚ್ಚು ಹುಡುಗಿ! ಮೂರು ಸಾಲು ಸಾಕಾಗಿತ್ತು.

ಒಂದು ಚಳಿಗಾಲ ಕಳೆಯಿತು. ಇನ್ನೊಂದು ಬಂತು. ಪತ್ರ ಇನ್ನೂ ಚೆನ್ನಾಗಿರಲಿಲ್ಲ.

ನವೆಂಬರಿನ ಒಂದು ರಜೆಯ ದಿನ ಒಡತಿಯ ಫೋನ್ ಬಂತು.

"ನಿನ್ನ ಕಳ್ಳ ಬಂದಿದ್ದ ಕಣೇ! ಸೇನೆ ಮುಗೀತಂತೆ, ಹೇಳಿ ಹೋಗೋಕೆ ಅಂತ ಬಂದ. ಹನ್ನೆರಡರ ಬಸ್ಸಂತೆ. ಓಡು!"

ಅವಳು ಡಬ್ಬಿ ತೆರೆದಳು. ಬೆಲೆ ಚೀಟಿ ಕಿತ್ತೆಸೆದು, ಮೊದಲ ಬಾರಿಗೆ ಕೈಗವಸು ತೊಟ್ಟಳು. ಪತ್ರ ಹಿಡಿದು ಓಡಿದಳು.

ಅವನು ಬಸ್ಸಿನ ಪಕ್ಕ ಚೀಲ ಹಿಡಿದು ನಿಂತಿದ್ದ. ಗಲ್ಲ ಬತ್ತಿತ್ತು, ಭುಜ ಅಗಲವಾಗಿತ್ತು.

"ಚೆನ್ನಾಗಿದ್ದೀರಾ, ನೂನಾ?"

*ಇದ್ದೀರಾ...* ಅವನು 'ನೀನು' ಅನ್ನುವುದನ್ನೇ ಬಿಟ್ಟಿದ್ದ.

"ತಪ್ಪು ನಂದು, ಮುಯೋಲ್. ಆವತ್ತು ಒಳಗೇ ಇದ್ದೆ, ಇಲ್ಲ ಅಂತ ಹೇಳಿಸಿದೆ. ನಿನ್ನ ಚೀಟಿ ಓದಿದೆ. ಇದು... ನಿಂಗೇ ಬರೆದದ್ದು."

ಅವನು ಪತ್ರ ಬಿಡಿಸಿದ. 'ನನ್ನ ಕ್ಷಮಿಸು. ನಿನ್ನನ್ನು ಪ್ರೀತಿಸ್ತೀನಿ. ಕಾಯ್ತೀನಿ.'

"ಯಾವಾಗ ಬರೆದದ್ದು?"

"ನೀನು ಬಂದು ಹೋದ ದಿನಾನೇ."

ಅವನು ಕಣ್ಣು ಮುಚ್ಚಿಕೊಂಡ.

"ಪತ್ರ ಹಂಚೋವಾಗೆಲ್ಲ ನನ್ನ ಹೆಸರು ಕೂಗ್ತಾರೇನೋ ಅಂತ ನಿಂತಿರ್ತಿದ್ದೆ. ಒಂದು ವರ್ಷ, ನೂನಾ. ಆಮೇಲೆ ಒಬ್ಳು ಬರೆದ್ಲು, ನನ್ನ ತಂಗಿಯ ಗೆಳತಿ. ಅಕ್ಷರ ನೋಡಿದ್ರೆ ಕಾಗೆ ಕಾಲು ಗುಬ್ಬಿ ಕಾಲು... ಆದ್ರೆ ವಾರ ವಾರ ಬರೀತಿದ್ಲು. ಈಗ ಅವಳೂರಿಗೇ ಹೊರಟಿದ್ದೀನಿ. ಹಡಗು ಕಟ್ಟೋ ಕಡೆ ಕೆಲಸ ಸಿಕ್ಕಿದೆ."

"ನನ್ನ ಮೇಲೆ... ಒಂಚೂರೂ ಉಳಿದಿಲ್ವಾ?"

"ತುಂಬಾ ಇತ್ತು. ನಿಮ್ಗೇ ಬೇಡವೇನೋ ಅಂದ್ಕೊಂಡೆ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕೈ ತೆಗೆದಾಗ ಒದ್ದೆ ಕೆನ್ನೆಯ ತುಂಬ ಕಪ್ಪು ಪುಡಿ! ಕೈಗವಸಿನ ಮಿರುಗುವ ಪದರ ಸಿಪ್ಪೆಯಂತೆ ಎದ್ದು ಉದುರುತ್ತಿತ್ತು. ಡಬ್ಬಿಯಲ್ಲಿದ್ದಲ್ಲೇ ಅದು ಹಾಳಾಗಿ ಹೋಗಿತ್ತು.

"ಒಂದ್ಸಲಾನೂ ಹಾಕ್ಕೊಂಡಿರ್ಲಿಲ್ಲ," ಎಂದಳು. "ನೀನು ಕೊಟ್ಟದ್ದು ಅಂತ... ಜೋಪಾನವಾಗಿ ಇಟ್ಟಿದ್ದೆ ಕಣೋ."

ಮುಯೋಲ್ ಅವಳ ಕೈಗಳನ್ನೇ ನೋಡಿದ. ಆಗ ಅವನಿಗೂ ಅರ್ಥವಾಯಿತು, ಎಲ್ಲವೂ.

ಚಾಲಕ ಹಾರ್ನ್ ಬಾರಿಸಿದ. ಮುಯೋಲ್ ಅವಳ ಕೆನ್ನೆಯ ಪುಡಿ ಒರೆಸಿದ. ಉದುರುತ್ತಿದ್ದ ಕೈಗವಸನ್ನು ಮೆಲ್ಲಗೆ ಕಳಚಿದ. ಹೆಬ್ಬೆರಳ ಬಳಿ ತಾನೇ ಹೊಲಿಗೆ ಹಾಕಿಕೊಂಡು ತೊಟ್ಟಿದ್ದ ಉಣ್ಣೆಯ ಕೈಗವಸು ತೆಗೆದು, ಅವಳ ಬಿರಿದ ಕೈಗಳಿಗೆ ತೊಡಿಸಿದ. ಅದು ಇನ್ನೂ ಬೆಚ್ಚಗಿತ್ತು.

"ಇದನ್ನ ಎತ್ತಿಡ್ಬೇಡ. ದಿನಾ ಹಾಕ್ಕೋ," ಎಂದ. ಹೊರಡುವ ಹೊತ್ತಿಗೆ 'ನೀನು' ಹಿಂದಿರುಗಿತ್ತು.

"ಹರಿದು ಹೋದ್ರೆ?"

"ಹರಿದು ಹೋಗ್ಲಿ, ನೂನಾ."