ಮಂಡಿಯ ಗುರುತು

ಬೈಕ್ ಅಪಘಾತವಾಗಿ, ಉಗಾಂಡದ ಮಸಾಕಾದ ನಮ್ಮ ಆಸ್ಪತ್ರೆಗೆ ತಂದಾಗ ಸೆಂಪಾನಿಗೆ ಪ್ರಜ್ಞೆಯಿರಲಿಲ್ಲ. ಅದೇ ಬೈಕಿನಲ್ಲಿ ಹಿಂದೆ ಕೂತಿದ್ದ ಹೆಂಡತಿ ರಸ್ತೆಯಲ್ಲೇ ತೀರಿಕೊಂಡಿದ್ದಳು. ಅವನ ತೆರೆದ ಕಣ್ಣುಗಳು ತಟ್ಟನೆ ಕೆಳಗಿಳಿದು, ತೇಲುತ್ತಾ ಮೇಲೇರುತ್ತಿದ್ದವು.

“ಮಿದುಳಿನ ಬುಡಕ್ಕೆ ಪೆಟ್ಟಾದ್ರೆ ಹೀಗಾಗತ್ತೆ, ಅಮ್ಮಾ,” ಎಂದು ಅವನ ತಾಯಿಗೆ ಹೇಳಿದೆ. ನರ್ಸಿಗೆ ಅಷ್ಟು ಗೊತ್ತಿರುತ್ತದೆ.

“ಪೆಟ್ಟೂ ಇಲ್ಲ ಗಿಟ್ಟೂ ಇಲ್ಲ, ಮಗಳೇ. ನನ್ ಸೊಸೆ ಗಂಡನಿಗೆ ದಿನಾ ಮಾಡ್ತಿದ್ದ ಹಾಗೆ ಮಂಡಿಯೂರಿ ನಮಸ್ಕಾರ ಮಾಡ್ತಿದಾಳೆ. ಅವಳು ಬಗ್ಗಿದಾಗೆಲ್ಲ ಇವನ ಕಣ್ಣೂ ಬಗ್ಗತ್ತೆ.”

ಒರೆಸಿದ ನೆಲದ ಮೇಲೆ, ಮಂಚದ ಪಕ್ಕ, ದಿನವೂ ಎರಡು ಮಂಡಿಯ ಗುರುತುಗಳಿರುತ್ತಿದ್ದವು. ತಾಯಿಯದ್ದೇ ಅಂದುಕೊಂಡಿದ್ದೆ.

ಐದನೆಯ ಮಧ್ಯಾಹ್ನ ಆ ಕಣ್ಣುಗಳು ನಿಂತವು. ತಾಯಿ ಮಗನ ಹೆಣವನ್ನು ಊರಿಗೆ ಒಯ್ದಳು. ಕೋಣೆ ಒರೆಸಿ, ಬಾಗಿಲು ಹಾಕಿಕೊಂಡು, ನಾನೊಬ್ಬಳೇ ವರದಿ ಬರೆಯಲು ಕೂತೆ. ತಲೆಯೆತ್ತಿದಾಗ, ಒದ್ದೆ ನೆಲದ ಮೇಲೆ ಆ ಎರಡು ಗುರುತು ನನ್ನ ಕುರ್ಚಿಯ ಮುಂದಿದ್ದವು.