ನಗುವ ತಲೆಯ ಪಕ್ಕದಲ್ಲಿ

"ಲವಿಟಾ, ನಿನ್ನ ಮಮ್ಮಿಯ ಆಫೀಸ್ ಎಲ್ಲಿ?" ಶಾನವಾಝ್ ಕುತ್ತಿಗೆ ಉದ್ದ ಮಾಡಿ ಕೇಳಿದ.

"ಒಳಗೆ ಎಲ್ಲೋ. ಇವತ್ತು ಮಮ್ಮಿಗೆ ಆಫ್," ಎಂದು ಲವಿಟಾ ಬೇಗ ಬೇಗ ಮುಂದೆ ಹೋದಳು.

ಶನಿವಾರದ ಕನ್ನಡ ಕ್ಲಾಸಿನ ಹನ್ನೊಂದು ಮಕ್ಕಳು ಅಬುಧಾಬಿಯ ಮ್ಯೂಸಿಯಂ ನೋಡಲು ಬಂದಿದ್ದರು. ಮುಂದೆ ಚೆಲುವಮ್ಮ ಟೀಚರ್, ಹಿಂದೆ ಮಕ್ಕಳ ಸಾಲು. ಸಾಲು ಎಂಬುದು ಹೆಸರಿಗೆ ಮಾತ್ರ.

ಲವಿಟಾಳ ಅಮ್ಮ ರೊಸಲಿನ್ ಇಲ್ಲೇ ಕೆಲಸ ಮಾಡುತ್ತಿದ್ದರು. ಅದು ನಿಜ. ಆದರೆ ಕ್ಲಾಸಿನಲ್ಲಿ ಲವಿಟಾ ಅದಕ್ಕೆ ಒಗ್ಗರಣೆ ಹಾಕಿದ್ದಳು. "ಮಮ್ಮಿ ಬಿಗ್ ಆಫೀಸರ್. ಯಾವ ಸ್ಟ್ಯಾಚು ಬಂದ್ರೂ ಮೊದಲು ಮಮ್ಮಿಯೇ ಚೆಕ್ ಮಾಡೋದು" ಎಂದಿದ್ದಳು. ನಿಜಕ್ಕೂ ರೊಸಲಿನ್ ಅಲ್ಲಿ ಗಾರ್ಡ್. ಕೋಣೆಯಲ್ಲಿ ನಿಂತು, ಯಾರೂ ಏನನ್ನೂ ಮುಟ್ಟದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ.

ಮಕ್ಕಳು ಮುಂದಿನ ಕೋಣೆಗೆ ನುಗ್ಗಿದರು. ಮಧ್ಯದಲ್ಲಿ ಒಂದು ಕಟ್ಟೆ. ಅದರ ಮೇಲೆ ಅಮೃತಶಿಲೆಯ ತಲೆ. ಒಬ್ಬ ಯುವಕನದು. ಮೂಗಿನ ತುದಿ ಮುರಿದಿತ್ತು. ಕೂದಲು ಮಣಿ ಪೋಣಿಸಿದ ಹಾಗೆ ಸಾಲುಸಾಲಾಗಿತ್ತು.

ಅದರ ಪಕ್ಕದಲ್ಲಿ, ನೀಲಿ ಕೋಟು ಹಾಕಿಕೊಂಡು, ಸೊಂಟದಲ್ಲಿ ವಾಕಿಟಾಕಿ ಸಿಕ್ಕಿಸಿಕೊಂಡು ಮಮ್ಮಿ ನಿಂತಿದ್ದರು!

ಮಗಳನ್ನು ಕಂಡದ್ದೇ ರೊಸಲಿನ್ ಅವರ ಮುಖ ಅರಳಿತು. ಅರ್ಧ ಹೆಜ್ಜೆ ಮುಂದೆ ಇಟ್ಟರು. ಲವಿಟಾ ತಟ್ಟನೆ ಗೆಳತಿ ತಾನ್ಯಾಳ ಬೆನ್ನ ಹಿಂದೆ ಅಡಗಿದಳು.

ರೊಸಲಿನ್ ಅದನ್ನು ನೋಡಿದರು. ಮುಂದೆ ಇಟ್ಟ ಹೆಜ್ಜೆ ಹಿಂದೆ ಹೋಯಿತು.

"ಗುಡ್ ಮಾರ್ನಿಂಗ್. ಪ್ಲೀಸ್, ನೆಲದ ಗೆರೆಯ ಹಿಂದೆ ನಿಲ್ಲಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲ ಮಕ್ಕಳನ್ನು ನೋಡಿದ ಹಾಗೆಯೇ ಲವಿಟಾಳನ್ನೂ ನೋಡಿದರು.

ಬಚಾವಾದೆ ಎಂದು ಲವಿಟಾಳಿಗೆ ಖುಷಿಯಾಗಬೇಕಿತ್ತು. ಆದರೆ ಆಗಲಿಲ್ಲ.

ಅಷ್ಟರಲ್ಲಿ ಶಾನವಾಝ್ ಮುರಿದ ಮೂಗು ನೋಡಲು ಗೆರೆ ದಾಟಿ ಬಗ್ಗಿದ. ಅವನ ಹೆಗಲಿನ ನೀರಿನ ಬಾಟಲಿ ಕಲ್ಲಿನ ಕೆನ್ನೆಯ ಕಡೆಗೆ ಜೋಲಿ ಹೊಡೆಯಿತು. ರೊಸಲಿನ್ ಚಕ್ಕನೆ ಕೈ ಚಾಚಿ ಬಾಟಲಿ ಹಿಡಿದರು.

"ಮಾರಾಯಾ, ಮೆಲ್ಲಗೆ! ಇವನಿಗೆ ಎರಡೂವರೆ ಸಾವಿರ ವರ್ಷ ಆಯ್ತು!"

"ಹೇ, ಆಂಟಿ ಕನ್ನಡ!" ಮಕ್ಕಳೆಲ್ಲ ಸುತ್ತ ಮುತ್ತಿಕೊಂಡರು.

"ಸಾರಿ ಆಂಟಿ," ಎಂದ ಶಾನವಾಝ್. "ಆದ್ರೆ ಮೂಗು ಮುರಿದ್ರೂ ಇವನು ಯಾಕೆ ಸ್ಮೈಲ್ ಮಾಡ್ತಿದ್ದಾನೆ?"

ಚೆಲುವಮ್ಮ ಟೀಚರ್ ಕನ್ನಡಕ ಸರಿಮಾಡಿಕೊಂಡು, "ನನಗೂ ಗೊತ್ತಿಲ್ಲಪ್ಪ. ನೀವೇ ಹೇಳಿ ಮೇಡಂ," ಎಂದರು.

"ಆಗಿನ ಕಾಲದ ಗ್ರೀಕ್ ಶಿಲ್ಪಿಗಳು ಸುಮಾರು ಮುಖಗಳಿಗೆ ಹೀಗೇ ನಗು ಕೊಡ್ತಿದ್ರಂತೆ. ಕಲ್ಲಿಗೆ ಜೀವ ಉಂಟು ಅಂತ ಕಾಣ್ಲಿಕ್ಕೆ ಅಂತ ಕೆಲವರು ಹೇಳ್ತಾರೆ. ಸರಿಯಾಗಿ ಯಾರಿಗೂ ಗೊತ್ತಿಲ್ಲ. ಈಗ ಎಲ್ಲರೂ ಕೂತ್ಕೊಳ್ಳಿ. ಕೆಳಗಿನಿಂದ ನೋಡಿ. ನಗು ಜಾಸ್ತಿ ಆಯ್ತಾ?"

"ಆಯ್ತು!"

"ಆ ಕಡೆ ಹೋಗಿ ನೋಡಿ."

"ಅಯ್ಯೋ, ಈ ಕಡೆಯಿಂದ ತುಂಟ ಹುಡುಗನ ಹಾಗೆ ಇದ್ದಾನೆ!" ತಾನ್ಯಾ ಕಿಸಕ್ಕನೆ ನಕ್ಕಳು.

"ಕಿವಿ ನೋಡಿದ್ರಾ? ಎಡಗಿವಿ ಸ್ವಲ್ಪ ಕೆಳಗೆ ಉಂಟು. ಕೂದಲಿನ ಸಂದಿಯಲ್ಲಿ ಒಂದು ಚೂರು ಕೆಂಪು ಬಣ್ಣ ಉಂಟು. ಮೊದಲು ಇವನಿಗೆ ಕೆಂಪು ಕೂದಲು!"

"ನಿಮಗೆ ಹೇಗೆ ಗೊತ್ತು ಆಂಟಿ?"

"ಎರಡು ವರ್ಷದಿಂದ ಇವನ ಜೊತೆ ನಿಂತಿದ್ದೇನಲ್ಲ. ಕೇಳಿ, ಓದಿ ತಿಳ್ಕೊಂಡೆ. ಕಿವಿಯದ್ದು ಮಾತ್ರ ನಾನೇ ಕಂಡುಹಿಡಿದದ್ದು."

ಎಲ್ಲರೂ ತಲೆಯ ಸುತ್ತ ಇದ್ದರು. ಲವಿಟಾ ಒಬ್ಬಳೇ ಹಿಂದೆ. ಊಟಕ್ಕೆ ಕೂತಾಗ ಮಮ್ಮಿ ಎಷ್ಟೋ ಸಲ ಈ ಕಲ್ಲಿನ ಹುಡುಗನ ಮಾತು ತೆಗೆದಿದ್ದರು. "ಬೋರಿಂಗ್, ಮಮ್ಮಿ" ಎಂದು ಅವಳೇ ಬಾಯಿ ಮುಚ್ಚಿಸಿದ್ದಳು.

ಅವಳು ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು.

"ಮಮ್ಮಿ, ಕೆಂಪು ಬಣ್ಣ ಎಲ್ಲಿ? ನಂಗೂ ತೋರಿಸು."

ಎಲ್ಲರೂ ಅವಳ ಕಡೆಗೆ ತಿರುಗಿದರು.

"ಮಮ್ಮಿಯಾ? ಆಫೀಸರ್ ಅಂದಿದ್ದೆ?" ಶಾನವಾಝ್ ಕಣ್ಣರಳಿಸಿದ.

"ಸುಳ್ಳು ಹೇಳಿದ್ದೆ," ಎಂದಳು ಲವಿಟಾ. ಕಿವಿ ಬಿಸಿಯಾಗಿತ್ತು. "ಮಮ್ಮಿ ಗಾರ್ಡ್."

ಶಾನವಾಝ್ ಸ್ವಲ್ಪ ಯೋಚಿಸಿದ. "ಅಂದ್ರೆ ನಿಂಗೆ ದಿನಾ ಫ್ರೀ ಎಂಟ್ರಿಯಾ?"

ಟೀಚರಿಗೂ ನಗು ತಡೆಯಲಾಗಲಿಲ್ಲ. ರೊಸಲಿನ್ ಮಗಳ ಭುಜ ಹಿಡಿದು, ಮುಖವನ್ನು ಸರಿಯಾದ ಕಡೆಗೆ ತಿರುಗಿಸಿದರು. "ಅಲ್ಲಿ ನೋಡು, ಎರಡನೇ ಸಾಲಿನ ಮಣಿಯ ಹತ್ತಿರ." ಮತ್ತೆ ಮೆಲ್ಲಗೆ, "ಇವತ್ತು ಇಲ್ಲಿ ನಿಲ್ಲಬೇಕಿದ್ದ ಹಲೀಮ ಆಂಟಿಗೆ ಜ್ವರ. ನೀನು ಹೊರಟ ಮೇಲೆ ಡ್ಯೂಟಿಗೆ ಬಾ ಅಂತ ಫೋನ್ ಬಂತು," ಎಂದರು.

ಲವಿಟಾಳಿಗೆ ಬಣ್ಣ ಕಂಡಿತು. ಸಾಸಿವೆ ಕಾಳಿನಷ್ಟೇ ಇತ್ತು.

"ಯಲ್ಲಾ, ನಡೀರಿ!" ಟೀಚರ್ ಚಪ್ಪಾಳೆ ತಟ್ಟಿದರು.

ಬಾಗಿಲಿನ ಹತ್ತಿರ ಲವಿಟಾ ತಿರುಗಿ ನೋಡಿದಳು. ಮಮ್ಮಿ ಮತ್ತೆ ನೆಟ್ಟಗೆ ನಿಂತಿದ್ದರು. ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸಿದರು. ಲವಿಟಾ ಕೋಣೆಯ ನಾಲ್ಕೂ ಮೂಲೆಗೆ ಕಣ್ಣು ಹಾಯಿಸಿದಳು. ಎಲ್ಲೂ ಒಂದು ಕುರ್ಚಿ ಇರಲಿಲ್ಲ.

ಸಂಜೆ ರೊಸಲಿನ್ ಮನೆಗೆ ಬಂದು ಶೂ ಬಿಚ್ಚುವಾಗ, ಲವಿಟಾ ಸೋಫಾದ ಮೇಲಿದ್ದ ತನ್ನ ಪುಸ್ತಕ, ಬ್ಯಾಗು, ಟವೆಲ್ಲು ಎಲ್ಲವನ್ನೂ ಬಾಚಿ ತೆಗೆದಳು.

"ಇದೆಂತದು ಹೊಸದು?" ರೊಸಲಿನ್‌ಗೆ ಆಶ್ಚರ್ಯ.

"ಕೂತ್ಕೊ ಮಮ್ಮಿ. ಕಾಲು ಮೇಲೆ ಹಾಕು," ಎಂದ ಲವಿಟಾ ತಾನು ನೆಲದ ಮೇಲೆ ಕೂತಳು. "ಆ ಕಲ್ಲಿನ ಹುಡುಗನನ್ನ ಮಣ್ಣಿಂದ ಯಾರು ತೆಗೆದ್ರು? ಮೊದಲಿಂದ ಹೇಳು."